ಮುನಿಯಲ್ಲಮ್ಮನಿಗೆ ಓದಿ ಹೇಳಿದ್ದು

ನಮ್ಮ ಕಾಲೇಜಿನಲ್ಲಿ ಮುನಿಯಲ್ಲಮ್ಮ ಯಾವ ಹುಡುಗಿಯನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಯಾವ ಊರಿನ ಬಸ್ಸಿಳಿದು ಬರುತ್ತಾಳೋ ಆ ಊರೇ ಅವಳ ಹೆಸರು. "ಏಯ್ ಮಾಲೂರು, ಬಕೆಟ್ ಒದೀಬೇಡ ಕಣೇ." "ಮುಳಬಾಗಿಲು, ನಿನ್ ದುಪಟ್ಟ ನೆಲ ಗುಡಿಸ್ತೈತೆ, ಹಂಗೇ ಲೈಬ್ರರಿವರ್ಗೂ ಹೋಗ್ಬಾ, ನಂಗೆ ಕೆಲ್ಸ ಉಳೀತದೆ." ಶ್ರೀನಿವಾಸಪುರದಿಂದ ಮೂವರು ಬರುತ್ತಿದ್ದರು. ಅವರು ಎತ್ತರದ ಲೆಕ್ಕದಲ್ಲಿ ದೊಡ್ಡ ಸೀನಾಸ್‌ಪುರ, ನಡುವಿನ ಸೀನಾಸ್‌ಪುರ, ಚಿಕ್ಕ ಸೀನಾಸ್‌ಪುರ. ನಾನು ಹೋಳೂರು.

ಕಾಲೇಜು ಕೋಲಾರದಲ್ಲಿದೆ. ಅದರ ಹೆಸರು ಬರೆಯುವುದಿಲ್ಲ. ಮುನಿಯಲ್ಲಮ್ಮ ಅಲ್ಲಿ ಹನ್ನೊಂದು ವರ್ಷ ಕಸ ಗುಡಿಸಿ, ನೆಲ ಒರೆಸಿ, ಬೆಲ್ ಹೊಡೆದವರು. ನೇಮಕ ಕಾಲೇಜಿನದಲ್ಲ, ಏಜೆನ್ಸಿಯದು. ಅಷ್ಟರಲ್ಲಿ ಏಜೆನ್ಸಿ ಮೂರು ಸಲ ಬದಲಾಗಿತ್ತು, ಪ್ರಿನ್ಸಿಪಾಲರು ಐದು ಮಂದಿ ಬಂದು ಹೋಗಿದ್ದರು. ಪೊರಕೆ ಹಿಡಿದ ಕೈ ಮಾತ್ರ ಅದೇ. ಅದೂ ಎಡಗೈ. ಊಟ ಒಂದನ್ನು ಬಿಟ್ಟು ಮಿಕ್ಕ ಎಲ್ಲ ಕೆಲಸವನ್ನೂ ಅವರು ಎಡಗೈಯಲ್ಲೇ ಮಾಡುತ್ತಿದ್ದರು.

ನಾನು ಎರಡನೇ ವರ್ಷ ಮುಗಿಸಿ ಮದುವೆಯಾಗಿ ಕಾಲೇಜು ಬಿಟ್ಟಿದ್ದೆ. ಮಗಳಿಗೆ ವರ್ಷ ತುಂಬಿದ ಮೇಲೆ ಕೊನೇ ವರ್ಷ ಮುಗಿಸೋಣ ಎಂದು ಮತ್ತೆ ಸೇರಿದೆ. ಗಂಡ ಕದಿರೇಶ್‌ಗೆ ನರಸಾಪುರದಲ್ಲಿ ಶಿಫ್ಟ್ ಕೆಲಸ, ಕಂಪನಿ ಬಸ್ಸು ಬಂದ ಹೊತ್ತಿಗೆ ಅವರು ಹೊರಡಬೇಕು. "ಓದು ಮುಗಿಸ್ಕೋ ಹೋಗು, ಮಗೀನ ನಾನ್ ನೋಡ್ಕೊಂತೀನಿ" ಎಂದು ಅತ್ತೆ ಆಂಜಿನಮ್ಮ ಒಪ್ಪಿದ್ದೇನೋ ನಿಜ. ಆದರೆ ಮನೆಯಲ್ಲಿ ರೇಷ್ಮೆ ಹುಳ ಇದೆ. ಹುಳ ನಾಲ್ಕನೇ ಸಲ ಪೊರೆ ಬಿಟ್ಟು, ಅಂದರೆ ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಅದಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು, ಅತ್ತೆಗೆ ಕೂತು ನೀರು ಕುಡಿಯಲೂ ಪುರುಸೊತ್ತಿಲ್ಲ. ಆ ವಾರಗಳಲ್ಲಿ ನಾನು ಮಗಳನ್ನು ಕಂಕುಳಲ್ಲಿಟ್ಟುಕೊಂಡೇ ಬಸ್ ಹತ್ತುತ್ತಿದ್ದೆ.

ಮೊದಲ ಸಲ ಹಾಗೆ ಹೋದ ದಿನ ಅರ್ಥಶಾಸ್ತ್ರದ ತರಗತಿಯಲ್ಲಿ ಮಗು ರಾಗ ಎಳೆಯಿತು. ಮೇಡಂ ಪಾಠ ನಿಲ್ಲಿಸಿ ನನ್ನ ಮುಖ ನೋಡಿದರು. ಎದ್ದು ಹೊರಗೆ ಬಂದೆ. ವರಾಂಡದಲ್ಲಿ ನೆಲ ಒರೆಸುತ್ತಿದ್ದ ಮುನಿಯಲ್ಲಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು, "ದಾ ಬಂಗಾರು, ದಾ" ಎಂದು ತೋಳು ಚಾಚಿದರು. ಅಪರಿಚಿತರನ್ನು ಕಂಡರೆ ಕಿರುಚುವ ನನ್ನ ಮಗಳು ಅವರ ಸೊಂಟದ ಬೀಗದ ಕೈಗೊಂಚಲು ನೋಡಿ ತಾನಾಗಿಯೇ ಹೋದಳು.

"ನೀನ್ ಹೋಗಿ ಪಾಠ ಕೇಳು ಹೋಳೂರು. ನಿನ್ ಮಗಳಿಗೆ ನಾನ್ ಬೇರೆ ಪಾಠ ಹೇಳ್ತೀನಿ."

"ಎಲ್ಲಿ ಮಲಗಿಸ್ತೀರಮ್ಮ?"

"ಅದೆಲ್ಲಾ ಕೇಳ್ಬೇಡ."

ಮಲಗಿಸಿದ್ದು ಹೊಸ ಬ್ಲಾಕಿನಲ್ಲಿ. ಹಿಂದಿನ ವರ್ಷ ಹುಡುಗಿಯರಿಗೆಂದೇ ಕಟ್ಟಿದ್ದು. ಟೈಲ್ಸ್ ಹಾಕಿದ ಆರು ಶೌಚಾಲಯ, ಕನ್ನಡಿ, ಒಂದು ಮಂಚ ಇರುವ ವಿಶ್ರಾಂತಿ ಕೋಣೆ. ಕಟ್ಟಿ ಮುಗಿಸಿ ಬೀಗ ಹಾಕಿದ್ದರು. ಕಾಲೇಜನ್ನು ನೋಡಲು ಕಮಿಟಿಯವರು ಬರುವವರೆಗೂ ಅದು ಹೊಸದಾಗಿಯೇ ಇರಬೇಕು ಎಂದು ಆಫೀಸಿನ ಆರ್ಡರು. ಅಲ್ಲಿಯತನಕ ಮುನ್ನೂರು ಚಿಲ್ಲರೆ ಹುಡುಗಿಯರಿಗೆ ಹಳೆಯ ಎರಡೇ, ಅವುಗಳಲ್ಲಿ ಒಂದಕ್ಕೆ ಚಿಲಕವಿಲ್ಲ. ನಾವು ಬೆಳಗ್ಗೆ ಮನೆ ಬಿಟ್ಟ ಮೇಲೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿಕೊಂಡಿದ್ದೆವು.

ಯಾರೂ ಕಾಲಿಡದ ಆ ನೆಲವನ್ನು ದಿನಾ ಒರೆಸುವುದು ಮುನಿಯಲ್ಲಮ್ಮನ ಕೆಲಸ. ಆದ್ದರಿಂದ ಬೀಗದ ಕೈ ಅವರ ಸೊಂಟದಲ್ಲಿ. ತಿಂಗಳ ನೋವಿನಲ್ಲಿ ಬಗ್ಗಿ ನಡೆಯುವ ಹುಡುಗಿ ಕಂಡರೆ ಅವರು ಬಕೆಟ್ ಎತ್ತಿಕೊಂಡು ಹೊಸ ಬ್ಲಾಕಿನ ಕಡೆ ಹೊರಡುತ್ತಿದ್ದರು. ಹುಡುಗಿ ಹಿಂದೆ ಹೋಗಬೇಕು, ಮಾತಾಡಬಾರದು. ಅವಳು ಒಳಗಿರುವಷ್ಟು ಹೊತ್ತು ಮುನಿಯಲ್ಲಮ್ಮ ಬಾಗಿಲ ಮುಂದೆ ಅದೇ ಎರಡು ಚದರ ಅಡಿ ನೆಲವನ್ನು ಮತ್ತೆ ಮತ್ತೆ ಒರೆಸುತ್ತಿರುತ್ತಾರೆ. ಇದು ಹುಡುಗಿಯರಿಗೆಲ್ಲ ಗೊತ್ತಿತ್ತು. ಒಬ್ಬಳೂ ಬಾಯಿ ಬಿಟ್ಟಿರಲಿಲ್ಲ. ನನ್ನ ಮಗಳು ಆ ಮಂಚದ ಮೇಲೆ ಎಷ್ಟು ಮಧ್ಯಾಹ್ನ ನಿದ್ದೆ ಮಾಡಿದ್ದಾಳೆಂದು ನನ್ನ ಡೈರಿಯಲ್ಲಿ ಗುರುತಿದೆ. ಹತ್ತೊಂಬತ್ತು.

ಪತ್ರಿಕೆಗೆ ನನ್ನನ್ನು ಸೇರಿಸಿದ್ದು ರಜನಿ. ಮಾಲೂರಿನವಳು, ನನಗಿಂತ ಮೂರು ವರ್ಷ ಚಿಕ್ಕವಳು. ನಮ್ಮ ಕಾಲೇಜಿನ ಹುಡುಗಿಯರು ತಿಂಗಳಿಗೊಮ್ಮೆ 'ಅಂಗಳ' ಎಂಬ ನಾಲ್ಕು ಪುಟದ ಪತ್ರಿಕೆ ತರುತ್ತಾರೆ, ಅದಕ್ಕೆ ಅವಳು ಸಂಪಾದಕಿ. ಒಂದು ದಿನ ಲೈಬ್ರರಿಯಲ್ಲಿ ನಾನು ಡೈರಿ ಬರೆಯುತ್ತಿದ್ದಾಗ ಎದುರಿಗೆ ಬಂದು ಕೂತಳು.

"ಅಕ್ಕಾ, ಅದೇನ್ ದಿನಾ ಬರೀತೀರಾ? ಹಾಲಿನ ಲೆಕ್ಕಾನಾ?"

"ಹಾಲೂ ಇರುತ್ತೆ, ಹಲ್ಲೂ ಇರುತ್ತೆ. ನಿನ್ನೆ ಮಗಳಿಗೆ ಐದನೇ ಹಲ್ಲು ಬಂತು."

ಅವಳು ನಕ್ಕಳು. ಕೇಳಿ ಎರಡು ಪುಟ ಓದಿದಳು. "ಅಕ್ಕಾ, ನಮ್ಮ ಪೇಪರಿಗೆ ಬನ್ನಿ ಅಕ್ಕಾ. ನಮ್ಮಲ್ಲಿ ಎಲ್ರೂ 'ಪ್ರಕೃತಿಯ ಮಡಿಲಲ್ಲಿ' ಅಂತ ಶುರು ಮಾಡೋರೇ. ಹಿಂಗೆ ಹಲ್ಲಿನ ವಿಷಯ ಬರಿಯೋರು ಯಾರೂ ಇಲ್ಲ."

"ಮಗು ಇರೋಳು ಕಣೇ ನಾನು. ಮೀಟಿಂಗು ಗೀಟಿಂಗು ಆಗಲ್ಲ."

"ಪಾಪೂನೂ ಕರ್ಕೊಂಡ್ ಬನ್ನಿ. ಉಪಸಂಪಾದಕಿ ಅಂತ ಹಾಕೋಣ."

ಮನೆಯಲ್ಲಿ ಸೊಸೆ, ಬಸ್ಸಿನಲ್ಲಿ 'ಮಗು ಇರೋ ಅಮ್ಮ', ತರಗತಿಯಲ್ಲಿ ಅಟೆಂಡೆನ್ಸ್ ಸಾಲದವಳು. ಅಕ್ಕಾ ಎಂದು ಕರೆದು ಬರವಣಿಗೆ ಕೇಳಿದವರು ಅವಳಿಗಿಂತ ಮುಂಚೆ ಯಾರೂ ಇರಲಿಲ್ಲ. ಸೇರಿದೆ.

ಶನಿವಾರ ಲೈಬ್ರರಿ ಹಿಂದಿನ ಕೋಣೆಯಲ್ಲಿ ಮೀಟಿಂಗು. ಕನ್ನಡ ಪಾಠ ಮಾಡುವ ಉಮಾಶಂಕರ್ ಸರ್ ಪತ್ರಿಕೆಯ ಉಸ್ತುವಾರಿ. ಹೊಸಬಳಾದ ನನಗೆ ಅವರು ಮೊದಲು ಹೇಳಿದ್ದು ಒಂದು ನಿಯಮ. ಯಾರ ಬಗ್ಗೆ ಬರೆದರೂ ಅಚ್ಚಿಗೆ ಹೋಗುವ ಮುಂಚೆ ಅವರ ಎದುರು ಕೂತು ಪೂರ್ತಿ ಓದಿ ಹೇಳಬೇಕು. ಅವರು ಬೇಡವೆಂದ ಮಾತನ್ನು ತೆಗೆಯಬೇಕು. ಆಮೇಲೆ ಕಾಲು ಹಾಳೆಯ ಚೀಟಿಯಲ್ಲಿ 'ಓದಿ ಹೇಳಿದರು, ಕೇಳಿದೆ, ಒಪ್ಪಿದೆ' ಎಂದು ಬರೆದು ಸಹಿ ಹಾಕಿಸಿಕೊಂಡು ಬರಹದ ಹಿಂದೆ ಅಂಟಿಸಬೇಕು.

"ಓದಕ್ಕೆ ಬಾರದೋರ ಬಗ್ಗೆ ಓದಕ್ಕೆ ಬರೋರು ಬರೀವಾಗ ಇದು ಮರ್ಯಾದೆ ಕಣಮ್ಮ" ಎಂದರು ಸರ್. ಆ ಮಾತನ್ನು ಅಂದೇ ಡೈರಿಗೆ ಇಳಿಸಿಕೊಂಡೆ. ಅವರ ಬಗ್ಗೆ ಗೌರವ ಬಂದಿತ್ತು.

ಮೊದಲ ತಿಂಗಳು ಬಸ್ಸಿನ ಹೊಸ ವೇಳೆಗಳನ್ನು ಬರೆದೆ. ನನ್ನ ಹೆಸರು ಸಣ್ಣ ಅಕ್ಷರದಲ್ಲಿ ಬಂತು. ಕದಿರೇಶ್ ಅದನ್ನು ಫೋಟೋ ತೆಗೆದು ಫ್ಯಾಕ್ಟರಿ ಗೆಳೆಯರಿಗೆಲ್ಲ ಕಳಿಸಿದರು. ಎರಡನೇ ತಿಂಗಳು ರಜನಿ 'ನಮ್ಮವರು' ಎಂಬ ಅಂಕಣ ಕೊಟ್ಟಳು. "ಯಾರ ಬಗ್ಗೆ ಬರೀತೀರಕ್ಕಾ?" ಎಂದು ಅವಳು ಕೇಳಿ ಮುಗಿಸುವ ಮುಂಚೆಯೇ "ಮುನಿಯಲ್ಲಮ್ಮ" ಎಂದಿದ್ದೆ.

ಮೂರು ದಿನ ಊಟದ ಹೊತ್ತಿನಲ್ಲಿ ಅವರ ಜತೆ ಬೆಲ್ಲಿನ ಕೆಳಗೆ ಕೂತೆ. ಹುಟ್ಟಿದ್ದು ಆವನಿ ಹತ್ತಿರದ ಹಳ್ಳಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟರು. 'ಬಡತನದಿಂದಾಗಿ' ಎಂದು ನಾನು ಬರೆದುಕೊಳ್ಳುವುದನ್ನು ನೋಡಿ, "ಏನ್ ಬರ್ದೆ? ಓದು" ಎಂದರು. ಓದಿದೆ.

"ಬಡತನ ಅಲ್ಲಮ್ಮ. ಎಡಗೈನಾಗೆ ಬರೀತೀನಂತ ಮೇಷ್ಟ್ರು ಕೈಗಂಟಿನ ಮೇಲೆ ಹೊಡೀತಿದ್ರು. ಏಟಿಗೆ ಬಿಟ್ಟೆ. ಬಡತನ ಅಂತ ಬರ್ದು ಆ ಮೇಷ್ಟ್ರನ್ನ ಯಾಕೆ ಬಚಾವ್ ಮಾಡ್ತೀಯಾ?"

ಹದಿನಾರಕ್ಕೆ ಮದುವೆಯಾಗಿ ಕೋಲಾರಕ್ಕೆ ಬಂದರು. ರೇಷ್ಮೆ ನೂಲು ತೆಗೆಯುವ ಕಡೆ ಬಿಸಿನೀರಲ್ಲಿ ಕೈ ಅದ್ದಿ ಒಂಬತ್ತು ವರ್ಷ ದುಡಿದರು, ಬೆರಳ ತುದಿ ಬಿಳಿಚಿಕೊಂಡಿದ್ದು ಇಂದಿಗೂ ಹಾಗೇ ಇದೆ. ಗಂಡ ಗಂಗುಲಪ್ಪನದು ಗೂಡ್ಸ್ ಆಟೋ. ಮಕ್ಕಳಿಲ್ಲ. "ಯಾಕಿಲ್ಲ ಅಂತ ಬರೀಬೇಡ, ಅದಕ್ಕೆ ಎರಡು ಆಸ್ಪತ್ರೆ ಎರಡು ಥರ ಹೇಳವೆ" ಎಂದು ನಕ್ಕರು. ಸಹಿ ಹಾಕುವುದನ್ನು ಕಲಿತದ್ದು ಕಾಲೇಜಿಗೆ ಬಂದ ಮೇಲೆ, ಯಾವಾಗಲೋ ಓದಿ ಹೋದ ಒಬ್ಬ ಮುಳಬಾಗಿಲು ಹುಡುಗಿಯಿಂದ. ಎಡಗೈಯಲ್ಲಿ ಬರೆಯುವ ಆ ಐದು ಅಕ್ಷರಗಳು ಗಾಳಿಗೆ ಬಾಗಿದ ರಾಗಿ ತೆನೆಗಳಂತೆ ಒಂದೇ ಕಡೆ ವಾಲುತ್ತವೆ. ಯಾರೂ ಅದನ್ನು ನಕಲು ಮಾಡಲಾಗದು.

ಹೊಸ ಬ್ಲಾಕಿನ ಬೀಗದ ವಿಷಯವನ್ನೂ ಬರೆದೆ. ಬಕೆಟ್ ಎತ್ತಿಕೊಂಡು ಹೊರಡುವುದು, ಅದೇ ಎರಡು ಚದರ ಅಡಿ ನೆಲವನ್ನು ಒರೆಸುವುದು, ನನ್ನ ಮಗಳ ಮಂಚ. ಬರೆದದ್ದರಲ್ಲಿ ಚೆನ್ನಾಗಿ ಬಂದಿದ್ದು ಅದೇ, ನನಗೂ ಗೊತ್ತಿತ್ತು. ಆ ಕರಡನ್ನು ರಜನಿಗೆ ತೋರಿಸಿದೆ. ತೋರಿಸಬಾರದಿತ್ತು. ನಿಯಮದ ಪ್ರಕಾರ ಮೊದಲು ಮುನಿಯಲ್ಲಮ್ಮನಿಗೆ ಓದಬೇಕಿತ್ತು. ಅಕ್ಕಾ ಎಂದವಳಿಗೆ ಮೊದಲು ತೋರಿಸುವ ಆಸೆ ನನ್ನದು. ಅವಳು ಒಂದೊಂದೇ ಪುಟವನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, "ಮನೇಲಿ ನಿಧಾನಕ್ಕೆ ಓದ್ತೀನಕ್ಕಾ" ಎಂದಳು.

ಮರುದಿನ ಮುನಿಯಲ್ಲಮ್ಮನಿಗೆ ಓದಿ ಹೇಳಿದೆ. ಮೇಷ್ಟ್ರ ಏಟಿನ ಹತ್ತಿರ "ಹಾಂ" ಎಂದರು. ಬಿಸಿನೀರಿನ ಹತ್ತಿರ ಬೆರಳು ನೋಡಿಕೊಂಡರು. ಬೀಗದ ಹತ್ತಿರ ಬಂದಾಗ ನನ್ನ ಕೈ ಹಿಡಿದರು.

"ವದ್ದಮ್ಮ. ಇದು ಬ್ಯಾಡ. ತೆಗಿ."

"ನಿಮ್ಮ ಒಳ್ಳೇತನ ಅಲ್ವಾ ಅಮ್ಮ ಅದು?"

"ಒಳ್ಳೇತನ ನಿಮಗೆ. ಆಫೀಸಿನೋರಿಗೆ ಅದು ಕಳ್ಳತನ. ಅಲ್ಲದೆ ಇದು ಪೇಪರ್‌ನಾಗೆ ಬಂದ್ರೆ ಬೀಗದ ಕೈ ನನ್ನತ್ರ ಬಿಡ್ತಾರಾ? ಆಮೇಲೆ ಆ ಚಿಕ್ಕ ಸೀನಾಸ್‌ಪುರ ಎಲ್ಲಿಗ್ ಹೋಗ್ತಾಳೆ? ಪ್ರತಿ ತಿಂಗ್ಳೂ ತಲೆ ತಿರುಗಿ ಬೀಳೋಳು ಅವ್ಳು."

ಅವರ ಎದುರಿಗೇ ಆ ಪ್ಯಾರಾದ ಮೇಲೆ ಗೀಟು ಹಾಕಿದೆ. ಬೇರೆ ಹಾಳೆಯಲ್ಲಿ ದುಂಡಗೆ ನಕಲು ಮಾಡಿ, ಮತ್ತೊಮ್ಮೆ ಪೂರ್ತಿ ಓದಿದೆ. "ಈಗ ಚೆನ್ನಾಗೈತೆ. ಎಲ್ಲಿ, ಚೀಟಿ ಕೊಡು" ಎಂದು ಸೊಂಟದ ಗೊಂಚಲನ್ನು ಪಕ್ಕಕ್ಕೆ ಸರಿಸಿ, ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು, ಎಡಗೈಯಲ್ಲಿ ಸಹಿ ಹಾಕಿದರು. ಸ್ವಲ್ಪ ಹೊತ್ತು ಅದನ್ನೇ ನೋಡಿ, "ಈ ಸಲ 'ಯ' ಸರಿಯಾಗಿ ಬಂತು" ಎಂದರು. ಬರಹ ಮತ್ತು ಚೀಟಿ ಎರಡನ್ನೂ ರಜನಿಯ ಕೈಗೆ ಕೊಟ್ಟು, ಬೀಗದ ವಿಷಯ ಬೇಡವೆಂದರು ಎಂದು ಬಿಡಿಸಿ ಹೇಳಿದೆ. "ಸರಿ ಅಕ್ಕಾ" ಎಂದಳು. ಮುಖದಲ್ಲಿ ಏನೂ ಇರಲಿಲ್ಲ.

ಆ ವಾರ ಮಗಳಿಗೆ ಜ್ವರ, ಕಾಲೇಜಿಗೆ ಹೋಗಲಿಲ್ಲ. ಸೋಮವಾರ ಮಗಳನ್ನು ಎತ್ತಿಕೊಂಡು ಹೋದರೆ ಗೇಟಿನಲ್ಲೇ ಹುಡುಗಿಯರ ಕೈಯಲ್ಲಿ 'ಅಂಗಳ'. ಮೊದಲ ಪುಟ. ದಪ್ಪ ಅಕ್ಷರದಲ್ಲಿ 'ಬೀಗ ತೆಗೆಯುವ ಅಮ್ಮ'. ಕೆಳಗೆ ಮುನಿಯಲ್ಲಮ್ಮನ ಫೋಟೋ, ಸೊಂಟದ ಗೊಂಚಲು ಎದ್ದು ಕಾಣುವ ಹಾಗೆ. ಗೀಟು ಹಾಕಿದ ಪ್ಯಾರಾ ಅಕ್ಷರ ಬಿಡದಂತೆ ಅಲ್ಲಿತ್ತು. ನನ್ನ ಹೆಸರು ಈ ಸಲ ದೊಡ್ಡದಾಗಿತ್ತು.

ರಜನಿಯನ್ನು ಕ್ಯಾಂಟೀನಿನಲ್ಲಿ ಹಿಡಿದೆ.

"ಯಾಕೆ ಹಿಂಗ್ ಮಾಡಿದ್ಯೇ? ನಾನ್ ಬಾಯಿಬಿಟ್ಟು ಹೇಳಿರ್ಲಿಲ್ವಾ?"

"ಅಕ್ಕಾ, ಕೂತ್ಕೊಳಿ. ಅದನ್ನ ತೆಗೆದ್ರೆ ಮಿಕ್ಕಿದ್ದು ಬರೀ ಸನ್ಮಾನ ಪತ್ರ. ಮುನ್ನೂರು ಹುಡುಗೀರು ನೀರು ಕುಡೀದೆ ಕೂತವ್ರೆ, ಒಳ್ಳೇ ಬ್ಲಾಕಿಗೆ ಬೀಗ ಹಾಕವ್ರೆ. ಅದು ಸುದ್ದಿ ಅಲ್ವಾ?"

"ಬೀಗ ಹಾಕಿರೋದನ್ನ ಬರಿಯೇ. ತೆಗೆದೋರ ಹೆಸರು ಯಾಕೆ ಬರೀಬೇಕಿತ್ತು?"

"ಹೆಸರಿಲ್ದೆ ಬರೆದ್ರೆ ಯಾರ್ ನಂಬ್ತಾರೆ? ಅಲ್ಲದೆ ಬರ್ದೋರು ನೀವೇ ಅಲ್ವಾ? ನಾನೊಂದು ಅಕ್ಷರ ಸೇರಿಸಿಲ್ಲ."

"ಸಹಿ?"

"ಸಹಿ ಇದೆಯಲ್ಲಕ್ಕಾ."

ಅವಳು ಅದನ್ನು ಕೆಟ್ಟತನದಿಂದ ಹೇಳಲಿಲ್ಲ. ಅದೇ ನನಗೆ ಇಂದಿಗೂ ಸಹಿಸಲಾಗದಿರುವುದು. ಚೀಟಿಯಲ್ಲಿ ಬರಹದ ಒಂದು ಸಾಲೂ ಇರುವುದಿಲ್ಲ, ಬರೀ ಒಪ್ಪಿದೆ ಎಂದಿರುತ್ತದೆ. ಯಾವುದರ ಹಿಂದೆ ಅಂಟಿಸಿದರೆ ಅದಕ್ಕೆ ಒಪ್ಪಿಗೆ. ಇಷ್ಟು ವರ್ಷ ಅದು ಯಾರಿಗೂ ಹೊಳೆದಿರಲಿಲ್ಲ. ಹೊಳೆದದ್ದು ರಜನಿಗೆ.

ಉಮಾಶಂಕರ್ ಸರ್ ಹತ್ತಿರ ಓಡಿದೆ. ಸ್ಟಾಫ್ ರೂಮಿನ ಹೊರಗೆ ನಿಲ್ಲಿಸಿ, ಗೀಟು ಹಾಕಿದ ಕರಡನ್ನು ತೋರಿಸಿ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ಛೆ, ಹಿಂಗಾಗ್ಬಾರ್ದಿತ್ತು. ನಾನ್ ಮಾತಾಡ್ತೀನಿ, ನೀನ್ ಗಾಬರಿಯಾಗ್ಬೇಡ" ಎಂದರು. ನಂಬಿದೆ.

ಮುನಿಯಲ್ಲಮ್ಮ ಆ ದಿನ ಬೆಲ್ ಹೊಡೆಯುವ ಕಡೆ ನಿಂತಿದ್ದರು. ಯಾರೋ ಹುಡುಗಿ ಅವರಿಗೆ ಪತ್ರಿಕೆಯನ್ನು ಓದಿ ಹೇಳಿಯಾಗಿತ್ತು. ನಾನು ಹತ್ತಿರ ಹೋಗಿ "ಅಮ್ಮಾ, ನಾನಲ್ಲ" ಎಂದೆ. ಅವರು ನನ್ನ ಮಗಳ ಹಣೆ ಮುಟ್ಟಿ ನೋಡಿದರು.

"ಜ್ವರ ಬಿಟ್ಟೈತೆ" ಎಂದರು. ಆಮೇಲೆ, "ನೀನಲ್ಲ ಅಂತ ಗೊತ್ತು ಹೋಳೂರು. ನೀನ್ ಗೀಟು ಹಾಕಿದ್ದು ನಾನೇ ಕಣ್ಣಾರೆ ನೋಡೀನಿ. ಒಳಗೆ ಕರೀತಾರಂತೆ ನಿನ್ನ. ಗೀಟಿನ ವಿಷಯ ಹೇಳು, ಸಾಕು. ನಾನು ಹೇಳಿದ್ರೆ ನಂಬಲ್ಲ, ನೀನು ಓದ್ದೋಳು."

ಮಧ್ಯಾಹ್ನ ಪ್ರಿನ್ಸಿಪಾಲರು ಕರೆಸಿದರು. ನಾನು, ರಜನಿ, ಉಮಾಶಂಕರ್ ಸರ್. ಮಗಳನ್ನು ಹೊರಗೆ ಚಿಕ್ಕ ಸೀನಾಸ್‌ಪುರದವಳ ಕೈಗೆ ಕೊಟ್ಟಿದ್ದೆ. ಮೇಜಿನ ಮೇಲೆ ಪತ್ರಿಕೆ, ಅದರ ಮೇಲೆ ಆ ಚೀಟಿ. ಪಕ್ಕದ ಟ್ರೇಯಲ್ಲಿ ಮೇಲಿನ ಹಾಳೆ ನನ್ನದೇ. ಚಿಕ್ಕ ಮಗುವಿನ ಕಾರಣಕ್ಕೆ ಅಟೆಂಡೆನ್ಸ್ ಸಾಲದು, ಪರೀಕ್ಷೆಗೆ ಕೂರಲು ಅನುಮತಿ ಕೊಡಿ ಎಂದು ನಾನು ಎರಡು ವಾರದ ಹಿಂದೆ ಕೊಟ್ಟಿದ್ದ ಅರ್ಜಿ. ಅದಕ್ಕೆ ಇನ್ನೂ ಸಹಿ ಬಿದ್ದಿರಲಿಲ್ಲ.

"ಈ ಸಹಿ ಆಯಮ್ಮಂದೇ ತಾನೆ?" ಪ್ರಿನ್ಸಿಪಾಲರು ನನ್ನನ್ನೇ ಕೇಳಿದರು.

"ಹೌದು ಸರ್."

"ಓದಿ ಹೇಳಿದ್ಯಾ ನೀನು?"

"ಹೇಳಿದೆ ಸರ್."

"ಬೀಗ ತೆಗೀತಿದ್ದಿದ್ದು ನಿಜ?"

"ನಿಜ ಸರ್."

ಮೂರೂ ನಿಜವೇ. ನಾಲ್ಕನೆಯ ಮಾತನ್ನು ನಾನೇ ಹೇಳಬೇಕಿತ್ತು. ಗೀಟು ಹಾಕಿದ ಕರಡು ನನ್ನ ಬ್ಯಾಗಿನಲ್ಲೇ ಇತ್ತು. ಉಮಾಶಂಕರ್ ಸರ್ ಹೇಳುತ್ತಾರೆ ಎಂದು ಅವರ ಮುಖ ನೋಡಿದೆ. ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

"ಏನ್ ಉಮಾಶಂಕರ್, ನಿಮ್ಮ ನಿಯಮ ಪಾಲನೆ ಆಗಿದೆಯಾ?"

"ಆಗಿದೆ ಸರ್. ಚೀಟಿ ಇದೆಯಲ್ಲ" ಎಂದರು ಸರ್.

ಪ್ರಿನ್ಸಿಪಾಲರ ಕೈ ಟ್ರೇಯ ಮೇಲೆ ಇತ್ತು. ಬೇಕೆಂದೇ ಇಟ್ಟಿದ್ದರೋ ಸುಮ್ಮನೆ ಇತ್ತೋ ಗೊತ್ತಿಲ್ಲ. "ಮತ್ತೇನಾದ್ರೂ ಹೇಳೋದಿದ್ಯಾ?" ಎಂದರು. ರಜನಿ ಇಲ್ಲವೆಂದಳು. ನಾನೂ ಇಲ್ಲವೆಂದೆ.

ಹೊರಗೆ ಬಂದಾಗ ಮುನಿಯಲ್ಲಮ್ಮ ವರಾಂಡದ ಆ ತುದಿಯಲ್ಲಿದ್ದರು. ಕೈ ಎತ್ತಿ ಏನಾಯಿತೆಂದು ಕೇಳಿದರು. ನಾನು ತಲೆಯಾಡಿಸಿದೆ. ಅದನ್ನು ಅವರು ಹೇಗೆ ಅರ್ಥ ಮಾಡಿಕೊಂಡರೋ, ಗೀಟಿನ ವಿಷಯ ಹೇಳಿದೆ ಎಂದೇ ಮಾಡಿಕೊಳ್ಳಲಿ ಎಂದು ಮಗಳನ್ನು ಎತ್ತಿಕೊಂಡು ಬಸ್ಸಿಗೆ ಓಡಿದೆ.

ಬುಧವಾರ ಏಜೆನ್ಸಿಯವನು ಬಂದು ಬೀಗದ ಕೈಗೊಂಚಲನ್ನು ತೆಗೆದುಕೊಂಡ. ಬೇರೆ ಕಡೆ ಹಾಕುತ್ತೇವೆ ಎಂದನಂತೆ, ಹಾಕಲಿಲ್ಲ. ಶುಕ್ರವಾರ ನನ್ನ ಅರ್ಜಿಗೆ ಸಹಿ ಬಿತ್ತು.

ಅದೇ ತಿಂಗಳು ಹೊಸ ಬ್ಲಾಕಿನ ಬೀಗವನ್ನೂ ತೆಗೆದರು. ಪತ್ರಿಕೆ ಯಾರದೋ ಅಪ್ಪನ ಕೈ ಸೇರಿ, ಅವರು ನಾಲ್ಕು ಮಂದಿ ಹಿರಿಯರನ್ನು ಕಟ್ಟಿಕೊಂಡು ಬಂದು ಕೇಳಿದರು. ಈಗ ಎಲ್ಲ ಹುಡುಗಿಯರೂ ಹೋಗುತ್ತಾರೆ. ಪರೀಕ್ಷೆ ಮುಗಿಯುವತನಕ ನಾನೂ ಹೋದೆ. ರಜನಿಗೆ ಬೆಂಗಳೂರಿನ ಯಾವುದೋ ಅಂತರ ಕಾಲೇಜು ಸ್ಪರ್ಧೆಯಲ್ಲಿ ಆ ಸಂಚಿಕೆಗೆ ಬಹುಮಾನ ಬಂತು. "ನೋಡಿದ್ರಾ ಅಕ್ಕಾ, ಬರ್ದಿದ್ದಕ್ಕೆ ತೆಗೆದ್ರು" ಎಂದಳು. ಅವಳ ಮಾತು ಸುಳ್ಳಲ್ಲ. ಸುಳ್ಳಾಗಿದ್ದರೆ ಅವಳನ್ನು ಬೈದು ಹಗುರಾಗಬಹುದಿತ್ತು. ಪತ್ರಿಕೆ ಬಿಟ್ಟೆ. ಬಿಟ್ಟೆನೆಂದು ಚೀಟಿ ಬರೆದುಕೊಡಿ ಎಂದರು, ಬರೆದುಕೊಟ್ಟೆ.

ಪರೀಕ್ಷೆ ಮುಗಿದ ಮೇಲೆ ಕೂತು ಮುನಿಯಲ್ಲಮ್ಮನ ಬಗ್ಗೆ ಇದನ್ನೆಲ್ಲ ಮತ್ತೆ ಬರೆದೆ. ಎಲ್ಲಿಗೆ ಕೊಡುತ್ತೇನೆ ಎಂಬ ಯೋಚನೆ ಆಮೇಲಿನದು. ಮೊದಲು ಓದಿ ಹೇಳಬೇಕು. ಸರ್ ನಿಯಮವನ್ನು ಕ್ಯಾಲೆಂಡರಿಗೆ ಬಿಟ್ಟುಕೊಟ್ಟರು ಎಂದು ನಾನೂ ಬಿಟ್ಟರೆ ಹೇಗೆ?

ಭಾನುವಾರ ಮಧ್ಯಾಹ್ನ ಮಗಳನ್ನು ಎತ್ತಿಕೊಂಡು ಕೋಲಾರದ ಅವರ ಮನೆಗೆ ಹೋದೆ. ಈಗ ಮಾರ್ಕೆಟ್ಟಿನಲ್ಲಿ ಟೊಮೆಟೊ ಆರಿಸುವ ಕೆಲಸವಂತೆ. ಬಿಳಿಚಿದ ಬೆರಳ ತುದಿಗಳಿಗೆ ಈಗ ಟೊಮೆಟೊ ತೊಟ್ಟಿನ ಹಸಿರು ಕರೆ ಹತ್ತಿದೆ. ಗಂಗುಲಪ್ಪ ಬಾಗಿಲಲ್ಲೇ, "ಬಾಮ್ಮ ಬಾ. ನಮ್ಮಾಕೆನ ಪೇಪರ್‌ನಾಗೆ ಹಾಕ್ಸಿದೋಳು ನೀನೇ ಅಲ್ವಾ?" ಎಂದ. ಮಾತಿನಲ್ಲಿ ಕುಹಕವಿರಲಿಲ್ಲ. ಗೋಡೆಯಲ್ಲಿ, ದೇವರ ಪಟದ ಪಕ್ಕ, 'ಅಂಗಳ'ದ ಮೊದಲ ಪುಟವನ್ನು ಅಂಟಿಸಿದ್ದ.

ಮಗಳು "ದಾ ದಾ" ಎಂದು ಅವರ ತೊಡೆಗೆ ಹೋಗಿ, ಸೊಂಟದಲ್ಲಿ ಗೊಂಚಲು ಹುಡುಕಿದಳು. "ಇಲ್ಲ ಬಂಗಾರು, ಅದು ಹೋಯ್ತು" ಎಂದು ಮುನಿಯಲ್ಲಮ್ಮ ಅವಳಿಗೆ ಬಳೆ ತೆಗೆದುಕೊಟ್ಟರು.

"ಚೆನ್ನಾಗಿದ್ದೀಯಾ ಹೋಳೂರು? ಪರೀಕ್ಷೆಗೆ ಕೂರಿಸಿದ್ರಾ?"

"ಕೂರಿಸಿದ್ರಮ್ಮ."

"ಅಷ್ಟಾಯ್ತಲ್ಲ. ಆವತ್ತು ನೀನು ನನ್ನ ಪರವಾಗಿ ಮಾತಾಡಿ, ಅದಕ್ಕೆ ಎಲ್ಲಿ ನಿನ್ನೂ ಆಚೆಗೆ ಹಾಕ್ತಾರೋ ಅಂತ ನಂಗೆ ಒಂದೇ ಯೋಚ್ನೆ. ಇವರತ್ರನೂ ಹೇಳ್ತಿದ್ದೆ, ಕೆಲ್ಸ ಹೋದ್ರೆ ಹೋಯ್ತು, ಒಬ್ಳಾದ್ರೂ ನನಗೋಸ್ಕರ ಬಾಯಿ ಬಿಟ್ಲು ಅಂತ."

ಗಂಗುಲಪ್ಪ ಹೌದೆಂದು ತಲೆಯಾಡಿಸಿದ. ನನ್ನ ಕೈಯಲ್ಲಿದ್ದ ಹಾಳೆಗಳನ್ನು ಆಗಲೇ ಬ್ಯಾಗಿಗೆ ತುಂಬಿ, ಸುಮ್ಮನೆ ನೋಡಲು ಬಂದೆ ಎಂದು ಹೇಳಿ ಎದ್ದುಬಿಡಬಹುದಿತ್ತು. ಒಂದು ಕ್ಷಣ ಬ್ಯಾಗಿನ ಬಾಯಿಯನ್ನೂ ತೆರೆದೆ. ಆಮೇಲೆ, "ಅಮ್ಮಾ, ಮತ್ತೆ ಬರೆದಿದ್ದೀನಿ. ಓದ್ಲಾ?" ಎಂದೆ.

"ಓದು. ಈ ಸಲ ಬೀಗದ ಮಾತು ಇರ್ಲಿ ಬಿಡು. ಈಗಿನ್ನೇನೈತೆ ಹೋಗಕ್ಕೆ."

ಓದಿದೆ. ಬಕೆಟ್ಟಿನ ಹತ್ತಿರ ನಕ್ಕರು. ಚಿಕ್ಕ ಸೀನಾಸ್‌ಪುರ ಹೇಗಿದ್ದಾಳೆಂದು ನಡುವೆ ಕೇಳಿದರು. ರಜನಿಯ ಮಾತು ಬಂದಾಗ, "ಅದ್ ಹುಡುಗು ಮುಂಡೇದು ಬಿಡು, ಒಟ್ನಾಗೆ ಬಾಗ್ಲು ತೆಗೀತಲ್ಲ" ಎಂದರು. ಸರ್ ಕ್ಯಾಲೆಂಡರ್ ನೋಡಿದ್ದಕ್ಕೆ ನಾಲಗೆ ಲೊಚಗುಟ್ಟಿದರು. ನಾನು ನಿಲ್ಲಿಸಲಿಲ್ಲ. ಮೂರು ಪ್ರಶ್ನೆ, ಮೂರು ಉತ್ತರ, ಬ್ಯಾಗಿನೊಳಗೇ ಉಳಿದ ಕರಡು, 'ನಾನೂ ಇಲ್ಲವೆಂದೆ' ಎಂಬ ಸಾಲು, ಎಲ್ಲವನ್ನೂ ಓದಿದೆ. ವರಾಂಡದಲ್ಲಿ ಆಡಿಸಿದ ತಲೆಯನ್ನೂ, ಶುಕ್ರವಾರ ಬಿದ್ದ ಸಹಿಯನ್ನೂ ಓದಿದೆ.

ಗಂಗುಲಪ್ಪ ಎದ್ದು ಹೊರಗೆ ಹೋದ. ಆಟೋದ ಹತ್ತಿರ ಏನೋ ಸದ್ದು ಮಾಡತೊಡಗಿದ. ಮುನಿಯಲ್ಲಮ್ಮ ನನ್ನನ್ನು ನೋಡಲಿಲ್ಲ. ಮಗಳು ಬಾಯಿಗೆ ಹಾಕಿಕೊಂಡಿದ್ದ ಬಳೆಯನ್ನು ಮೆಲ್ಲಗೆ ಬಿಡಿಸಿ, ಸೆರಗಿಗೆ ಒರೆಸಿ, ತಮ್ಮ ಕೈಗೆ ಹಾಕಿಕೊಂಡರು.

"ಮುಂದಕ್ಕೆ ಓದು, ಗಂಗಾಲಕ್ಷ್ಮಿ" ಎಂದರು.

ನನ್ನ ಹೆಸರು ಅವರಿಗೆ ಗೊತ್ತಿದೆ ಎಂಬುದೇ ನನಗೆ ಗೊತ್ತಿರಲಿಲ್ಲ.

"ಮುಂದಕ್ಕೆ ಇಲ್ಲಮ್ಮ. ಇಷ್ಟೇ ಬರ್ದಿರೋದು."

"ಹಂಗಾದ್ರೆ ಇದನ್ನೂ ಬರ್ಕೊ. ನಂಗೆ ಇವತ್ತಿನವರ್ಗೂ ಗೊತ್ತಿರ್ಲಿಲ್ಲ ಅಂತ."

ಚೀಟಿ ಕೇಳಲು ನನಗೆ ಬಾಯಿ ಬರಲಿಲ್ಲ. ಮಗಳನ್ನು ಎತ್ತಿಕೊಂಡೆ, ಅವಳು ಬಳೆಗಾಗಿ ಅತ್ತಳು. ಬಾಗಿಲವರೆಗೂ ಯಾರೂ ಬರಲಿಲ್ಲ. ಹೋಳೂರು ಬಸ್ಸಿನ ಹಿಂದಿನ ಸೀಟಿನಲ್ಲಿ, ಮಗು ಮಡಿಲಲ್ಲಿ ನಿದ್ದೆ ಹೋದ ಮೇಲೆ, ಅವರು ಹೇಳಿದ್ದನ್ನು ಇಲ್ಲಿ ಸೇರಿಸಿದ್ದೇನೆ. ಇದರ ಹಿಂದೆ ಯಾರ ಸಹಿಯೂ ಇಲ್ಲ.